ಇಲ್ಲದ ಹದಿನೆಂಟು ಸಾಲು

ನನ್ನ ಗಂಡ ಆಲೂಗಡ್ಡೆಯ ಜೊತೆ ಮೂವತ್ನಾಲ್ಕು ವರ್ಷ ಸಂಸಾರ ಮಾಡಿದವರು. ನನ್ನ ಜೊತೆ ಮೂವತ್ತೊಂದು. ಹಿರಿಯಳು ಯಾರು, ಕಿರಿಯಳು ಯಾರು ಎಂಬುದು ಇದರಿಂದಲೇ ತಿಳಿಯುತ್ತದೆ. ನಾನು ಬಾಯಿಬಿಟ್ಟು ಹೇಳಬೇಕಾಗಿಲ್ಲ. (ಹೇಳಿದರೂ ಕೇಳುವವರು ಈ ಮನೆಯಲ್ಲಿಲ್ಲ. ಅದಕ್ಕೇ ನಿಮ್ಮ ಹತ್ತಿರ ಹೇಳಿಕೊಳ್ಳುತ್ತಿದ್ದೇನೆ.)

ಅವರು ಆಲೂಗಡ್ಡೆ ಬೆಳೆಗಾರರ ಸಂಘದಲ್ಲಿದ್ದರು. ಮೊದಲು ಬಿತ್ತನೆ ಗಡ್ಡೆ ಬೆಳೆಯುವ ಹೊಲ, ಆಮೇಲೆ ಕೋಲ್ಡ್ ಸ್ಟೋರೇಜು, ಕೊನೆಗೆ ಮಾರಾಟ ವಿಭಾಗ. ಮದುವೆಯಾದ ಮೂರನೆಯ ದಿನ, ಕೋಲ್ಡ್ ಸ್ಟೋರೇಜಿನ ಯಂತ್ರ ಕೆಟ್ಟಿತೆಂದು ಚಪ್ಪಲಿ ಹಾಕಿಕೊಂಡು ಹೋದವರು ಆರನೆಯ ದಿನ ಬಂದರು. ನಾನು ಕಣ್ಣು ಊದಿಸಿಕೊಂಡು ಕೂತಿದ್ದೆ. ಪಾಪ, ನನ್ನ ತಲೆ ಸವರಿ, "ಅಳಬೇಡ ಕಣೇ, ಒಂದು ಮೂಟೆನೂ ಕೊಳೆತಿಲ್ಲ" ಎಂದು ಸಮಾಧಾನ ಮಾಡಿದರು. ನಮ್ಮ ಮೊದಲ ವಿಹಾರಯಾತ್ರೆ ಒಂದು ಆಲೂಗಡ್ಡೆ ಪ್ರದರ್ಶನಕ್ಕೆ. ಅಲ್ಲಿ ತೆಗೆಸಿಕೊಂಡ ಫೋಟೋದಲ್ಲಿ ನಾವು ಮೂವರಿದ್ದೇವೆ. ನಡುವೆ ಇರುವುದು ಬಹುಮಾನ ಪಡೆದ ಗಡ್ಡೆ.

ಮನುಷ್ಯ ಕೆಟ್ಟವರಲ್ಲ. ಕುಡಿತವಿಲ್ಲ, ಇಸ್ಪೀಟಿಲ್ಲ, ಕೂಗಾಟವಿಲ್ಲ. ಕೂಗಾಟವಿದ್ದಿದ್ದರೆ ಎಷ್ಟೋ ವಾಸಿಯಿತ್ತು. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ. ನಮ್ಮ ಮನೆಯಲ್ಲಿ ಉಣ್ಣುವುದೂ ಉಂಟು, ಮಲಗುವುದೂ ಉಂಟು, ಜಗಳಕ್ಕೆ ಮಾತ್ರ ಬರಗಾಲ. ನಾನು ಏನು ಹೇಳಿದರೂ ಉತ್ತರ "ಹೂಂ". ಅದರಲ್ಲೂ ಅವರ ಕಸುಬಿಗೆ ತಕ್ಕಂತೆ ಮೂರು ದರ್ಜೆ. ಉದ್ದ ಹೂಂ ಎಂದರೆ ಕೇಳಿಸಿತು, ಗಿಡ್ಡ ಹೂಂ ಎಂದರೆ ಕೇಳಿಸಲಿಲ್ಲ, ಮೂಗಿನಿಂದ ಬರುವ ಹೂಂ ಎಂದರೆ ಇದನ್ನು ನಿನ್ನೆಯೂ ಹೇಳಿದ್ದೆ. ಒಮ್ಮೆ ನನಗೆ ನೂರಮೂರು ಜ್ವರ ಬಂದಾಗ ಹಣೆ ಮುಟ್ಟಿ ನೋಡಿ, "ಈ ಬಿಸಿಗೆ ಮೂರೇ ದಿನದಲ್ಲಿ ಮೊಳಕೆ ಬರುತ್ತೆ" ಎಂದಿದ್ದರು. ಅಷ್ಟು ಉದ್ದದ ವಾಕ್ಯವನ್ನು ನನ್ನನ್ನು ಕುರಿತು ಅವರು ಆಡಿದ್ದು ಅದೇ ಮೊದಲು.

ನಾನು ನಿವೃತ್ತಿಗಾಗಿ ಕಾದೆ. ನಿವೃತ್ತಿಯಾದ ಮೇಲೆ ಎದುರುಬದುರು ಕೂತು ಚಹಾ ಕುಡಿಯುತ್ತಾ ಮೂವತ್ತೊಂದು ವರ್ಷದ ಬಾಕಿ ಮಾತನ್ನೆಲ್ಲ ಆಡಿ ಮುಗಿಸಬಹುದೆಂದು ಎರಡು ಹೊಸ ಬೆತ್ತದ ಕುರ್ಚಿಗಳನ್ನೂ ತರಿಸಿದೆ. ಸಂಘದವರು ಅವರಿಗೆ ಹಾರ ಹಾಕಿ, ಶಾಲು ಹೊದಿಸಿ, ಜೊತೆಗೆ ಒಂದು ಹಳೆಯ ಮೇಜಿನ ಫೋನನ್ನೂ ಕೊಟ್ಟು ಕಳಿಸಿದರು. ನಿಮ್ಮ ಅನುಭವ ಮಣ್ಣುಪಾಲಾಗಬಾರದು, ದಿನಾ ಸಂಜೆ ನಾಲ್ಕರಿಂದ ಐದರವರೆಗೆ ಬೆಳೆಗಾರರಿಗೆ ಮನೆಯಿಂದಲೇ ಸಲಹೆ ಕೊಡಿ ಎಂದರಂತೆ. ಮುಂದಿನ ಕೋಣೆ ಆಲೂಗಡ್ಡೆ ಸಲಹಾ ಕೇಂದ್ರವಾಯಿತು. ಬೆತ್ತದ ಕುರ್ಚಿಗಳಲ್ಲಿ ಒಂದು ಅಲ್ಲಿಗೆ ಹೋಯಿತು. ಇನ್ನೊಂದರ ಮೇಲೆ ಒಗೆದ ಬಟ್ಟೆ ಮಡಿಸಿಡುತ್ತೇನೆ.

ನಾಲ್ಕು ಗಂಟೆಗೆ ಸರಿಯಾಗಿ ಬಾಗಿಲು ಮುಚ್ಚಿಕೊಳ್ಳುತ್ತಿದ್ದರು. ನಾನು ಚಹಾ ಹಿಡಿದು ಬಾಗಿಲ ಹತ್ತಿರ ನಿಂತರೆ ಒಳಗಿಂದ ನಗು, ಉಪಚಾರ, ಗಂಟಲು ತುಂಬಿದ ಮಾತು. "ಊಟ ಆಯ್ತಾ? ಕಾಲು ನೋವು ಹೇಗಿದೆ? ಅಯ್ಯೋ, ಅದಕ್ಕೆಲ್ಲ ಬೇಜಾರು ಮಾಡ್ಕೋಬೇಡಿ, ನಾನಿಲ್ವಾ." ಈ ಮಹಾನುಭಾವರು ಯಾರು, ಇವರನ್ನು ನನಗೆ ಪರಿಚಯ ಮಾಡಿಸುವವರು ಯಾರೂ ಇಲ್ಲವೇ ಎನ್ನಿಸಿತು. ನಿಜ ಹೇಳುತ್ತೇನೆ, ಆ ಬಾಗಿಲ ಆಚೆ ಇದ್ದ ಗಂಡಸಿನ ಮೇಲೆ ನನಗೆ ಆಸೆ ಹುಟ್ಟಿತು. ಕಟ್ಟಿಕೊಂಡ ಗಂಡನ ಮೇಲೇ ಕಣ್ಣು ಹಾಕಿದ ಪತಿವ್ರತೆ ನಾನೊಬ್ಬಳೇ ಇರಬೇಕು.

ಪಕ್ಕದ ಮನೆಯ ಮಹಡಿಯಲ್ಲಿ ಬಟ್ಟೆ ಹೊಲಿಯುವ ಟೈಲರಮ್ಮ ಇದ್ದಾಳೆ. ನನ್ನ ದುಃಖ ಕೇಳಿ ಬಾಯಲ್ಲಿದ್ದ ಗುಂಡುಸೂಜಿ ತೆಗೆದು, "ಅಕ್ಕ, ನೀವೂ ಒಂದು ಫೋನ್ ಮಾಡಿ ನೋಡಿ" ಎಂದಳು. ತಮಾಷೆಗೆ ಅಂದಿದ್ದು. ನನಗೆ ಅದು ವೇದವಾಕ್ಯವಾಯಿತು. ಅವರ ಹಳೆಯ ಫೋನಿನಲ್ಲಿ ಕರೆ ಮಾಡಿದವರ ನಂಬರು ಕಾಣುವುದಿಲ್ಲ. ಮರುದಿನವೇ ನಾಲ್ಕು ಗಂಟೆ ಐದು ನಿಮಿಷಕ್ಕೆ ಟೈಲರಮ್ಮನ ಮಹಡಿ ಹತ್ತಿ, ಬಾಯಿಗೆ ಕರವಸ್ತ್ರ ಅಡ್ಡ ಹಿಡಿದು, ನನ್ನ ಮೊಬೈಲಿನಿಂದ ನನ್ನ ಮನೆಗೆ ನಾನೇ ಫೋನ್ ಮಾಡಿದೆ.

"ನಮಸ್ಕಾರ, ಆಲೂಗಡ್ಡೆ ಸಲಹಾ ಕೇಂದ್ರ."

"ನಮಸ್ಕಾರ ಸಾರ್. ನಮ್ಮ ಗಿಡ ಯಾಕೋ ಬಾಡ್ತಾ ಇದೆ."

"ಎಷ್ಟು ಹಾಕಿದ್ದೀರಮ್ಮ?"

ಎದುರಿನ ಗೋಡೆಯಲ್ಲಿ ದಾರದ ಉಂಡೆಗಳನ್ನು ಸಾಲಾಗಿ ನೇತುಹಾಕಿತ್ತು. ಎಣಿಸಿದೆ. "ಹದಿನೆಂಟು ಸಾಲು."

"ಹಾಕಿ ಎಷ್ಟಾಯ್ತು?"

"ಮೂವತ್ತೊಂದು..." ಎಂದು ಬಾಯಿ ತಪ್ಪಿ ಬಂತು. ತಡವರಿಸಿ "ದಿನ" ಎಂದು ಸೇರಿಸಿದೆ.

"ಸರಿ, ಗಿಡದ ಬುಡಕ್ಕೆ ಮಣ್ಣು ಏರಿಸೋ ಸಮಯ. ಗಾಬರಿ ಬೇಡ. ನಿಮ್ಮ ದನಿ ಯಾಕೆ ನಡುಗ್ತಾ ಇದೆ? ಬಿಸಿಲಲ್ಲಿ ನಿಂತಿದ್ದೀರಾ? ನೆರಳಿಗೆ ಹೋಗಿ, ಒಂದು ಲೋಟ ನೀರು ಕುಡೀರಿ. ನಾನು ಫೋನ್ ಹಿಡ್ಕೊಂಡೇ ಇರ್ತೀನಿ."

ನಿಮ್ಮ, ಕುಡೀರಿ, ನಿಂತಿದ್ದೀರಾ. ಗಂಡನ ಬಾಯಿಂದ ಬಹುವಚನ ಕೇಳಿ ನನಗೆ ಅಲ್ಲೇ ಅಳು ಬಂತು. ಟೈಲರಮ್ಮ ಯಾರದೋ ರವಿಕೆಯ ತುಂಡು ಬಟ್ಟೆ ಕೊಟ್ಟಳು, ಕಣ್ಣೊರೆಸಿಕೊಂಡೆ. ಅವರು ಹೇಳಿದಂತೆಯೇ ಫೋನ್ ಹಿಡಿದುಕೊಂಡೇ ಇದ್ದರು.

ಅಂದಿನಿಂದ ದಿನವೂ ಫೋನ್ ಮಾಡಿದೆ. ನನ್ನ ಅದೃಷ್ಟ, ಯಾವಾಗ ಮಾಡಿದರೂ ಲೈನ್ ಸಿಗುತ್ತಿತ್ತು. ಮೂರನೆಯ ದಿನ ಮಾತಿನ ಭರದಲ್ಲಿ ಕರವಸ್ತ್ರ ಕೈಜಾರಿ ಕೆಳಗೆ ಬಿತ್ತು. ಇನ್ನು ಸಿಕ್ಕಿಬಿದ್ದೆ ಎಂದುಕೊಂಡೆ. ಆ ಕಡೆಯಿಂದ, "ಹಾಂ, ಈಗ ಲೈನ್ ಕ್ಲಿಯರ್ ಆಯ್ತು, ಮಾತಾಡಿ" ಎಂದರು. ಮೂವತ್ತೊಂದು ವರ್ಷ ಅದೇ ಗಂಟಲಿನಿಂದ ಊಟಕ್ಕೆ ಕರೆದಿದ್ದೇನೆ. ನನ್ನ ಹಿಂದೆ ಹೊಲಿಗೆ ಯಂತ್ರದ ಸದ್ದು ಕೇಳಿ "ಅದೇನು?" ಎಂದು ಕೇಳಿದರು, ಪಂಪ್‌ಸೆಟ್ ಎಂದೆ. "ಬೇರಿಂಗ್‌ಗೆ ಎಣ್ಣೆ ಬಿಡಿಸಿ" ಎಂದರು. ಟೈಲರಮ್ಮ ಮುಖ ಗಂಟಿಕ್ಕಿಕೊಂಡು ಎಣ್ಣೆ ಬಿಟ್ಟಳು.

ರೋಗಗಳಿಗೆ ನಾನು ಎಲ್ಲಿಗೂ ಹೋಗಬೇಕಾಗಿರಲಿಲ್ಲ. ಅಷ್ಟು ವರ್ಷ ಅವರ ಕಾಗದಪತ್ರಗಳ ಧೂಳು ಹೊಡೆದವಳಿಗೆ ಎಲೆ ಮುದುರುವುದು ಗೊತ್ತು, ಅಂಗಮಾರಿ ಬಂದರೆ ಎಲೆಯ ಅಂಚು ಕಪ್ಪಾಗುವುದೂ ಗೊತ್ತು. ದಿನಕ್ಕೊಂದು ತೊಂದರೆ ತಂದೆ. ಅವರು ದಿನಕ್ಕೊಂದು ಪರಿಹಾರ ಕೊಟ್ಟರು. ಒಂದು ದಿನ ಅವರೇ ಕೇಳಿದರು, "ಎಲ್ಲಾ ನೀವೊಬ್ಬರೇ ನೋಡ್ಕೋತೀರಲ್ಲ, ಮನೆಯವರು ಏನು ಮಾಡ್ತಾರೆ?"

"ಇದ್ದಾರೆ ಸಾರ್. ಇದ್ದೂ ಇಲ್ಲದ ಹಾಗೆ."

ಆ ಕಡೆ ಪೆನ್ನು ಕೆಳಗಿಟ್ಟ ಸದ್ದಾಯಿತು. ಆಮೇಲೆ, "ಕೆಲವರು ಮಣ್ಣೊಳಗೆ ಬೆಳೆಯೋ ಪೈಕಿ ಅಮ್ಮ. ಮೇಲೆ ನೋಡಿದ್ರೆ ಏನೂ ಕಾಣಲ್ಲ. ಹಾಗಂತ ಏನೂ ಇಲ್ಲ ಅಂತಲ್ಲ" ಎಂದರು.

ಆ ರಾತ್ರಿ ಊಟಕ್ಕೆ ಕೂತಾಗ ಅವರ ಮುಖವನ್ನೇ ನೋಡಿದೆ. ಮಣ್ಣು ಸರಿಸಿದರೆ ಏನಾದರೂ ಕಂಡೀತೇ ಎಂದು. ಅವರು ತಲೆ ಎತ್ತದೆ, "ಉಪ್ಪು" ಎಂದರು.

ಹದಿನೈದು ದಿನದ ಮೇಲೆ ಒಂದು ಚಮತ್ಕಾರವಾಯಿತು. ಅವರೇ ತಾವಾಗಿ ನನ್ನ ಹತ್ತಿರ ಮಾತು ತೆಗೆದರು. "ಒಬ್ಬಾಕೆ ಫೋನ್ ಮಾಡ್ತಾಳೆ. ಹದಿನೆಂಟು ಸಾಲು ಹಾಕಿದ್ದಾಳೆ. ಬಹಳ ಬುದ್ಧಿವಂತೆ."

"ಹೌದಾ? ಏನು ಕೇಳ್ತಾಳೆ?" ಎಂದೆ, ಉಬ್ಬಿ.

"ನಿನಗೆ ಅರ್ಥ ಆಗಲ್ಲ ಬಿಡು."

ಹೊಟ್ಟೆ ಉರಿಯಿತು. ಯಾರ ಮೇಲೆ ಉರಿಯಿತು ಎಂದು ಕೇಳಬೇಡಿ. ಆ ಬುದ್ಧಿವಂತೆಯ ಮೇಲೇ. ಯಾರೋ ಹಾದಿಹೋಕಳು, ಹದಿನೈದು ದಿನದ ಪರಿಚಯಕ್ಕೆ ನನ್ನ ಗಂಡನನ್ನು ಬುಟ್ಟಿಗೆ ಹಾಕಿಕೊಂಡಳಲ್ಲ ಎಂದು ಪಾತ್ರೆ ತಿಕ್ಕುವಾಗ ಎರಡು ಲೋಟ ಸೊಟ್ಟ ಮಾಡಿದೆ.

ಆಮೇಲೆ ಬಂತು ಗ್ರಹಚಾರ. ನನ್ನ ಹದಿನೆಂಟು ಸಾಲಿಗೆ ಅಂಗಮಾರಿ ಬಂದಿದೆ ಎಂದು ಒಂದು ದಿನ ಸ್ವಲ್ಪ ಜಾಸ್ತಿ ಅತ್ತುಬಿಟ್ಟೆ. ಅವರು ಆ ಕಡೆ ಕುರ್ಚಿಯಿಂದ ಎದ್ದು ನಿಂತದ್ದು ನನಗೆ ಕೇಳಿಸಿತು. "ಫೋನಲ್ಲಿ ಹೇಳೋದಲ್ಲ ಇದು. ನಾನೇ ಬರ್ತೀನಿ. ದಾರಿ ಹೇಳಿ."

"ದಾರಿ ಸರಿಯಿಲ್ಲ ಸಾರ್, ಬಸ್ಸು ಬರಲ್ಲ."

"ನಡೀತೀನಿ."

"ನಾಯಿ ಇದೆ ಸಾರ್."

"ಪರವಾಗಿಲ್ಲ."

ನನ್ನ ತವರಿಗೆ ಹೋಗುವ ಬಸ್ಸು ನಮ್ಮ ಬಾಗಿಲಲ್ಲೇ ನಿಲ್ಲುತ್ತದೆ, ಮೂವತ್ತೊಂದು ವರ್ಷದಲ್ಲಿ ಎರಡು ಸಲ ಬಂದಿದ್ದಾರೆ. ಕೊನೆಗೆ ನಾನು, ಮೊದಲು ಮಾದರಿ ಕಳಿಸುತ್ತೇನೆ, ನೋಡಿ ಹೇಳಿ ಎಂದು ಬೇಡಿಕೊಂಡೆ. ಮೂರು ಗಡ್ಡೆ, ತೊಳೆಯಬಾರದು, ಅಂಟಿದ ಮಣ್ಣಿನ ಸಮೇತ ಬಟ್ಟೆ ಚೀಲದಲ್ಲಿ ಹಾಕಿ ಕಳಿಸಿ ಎಂದರು.

ಆಲೂಗಡ್ಡೆಗೇನು, ಅಡುಗೆಮನೆಯ ಬುಟ್ಟಿಯಲ್ಲೇ ಇತ್ತು. ಪ್ರತಿ ಮಂಗಳವಾರ ಅವರೇ ತರುತ್ತಾರೆ. ಒಂದೂವರೆ ಕಿಲೋ ಆರಿಸಲು ಒಂದೂವರೆ ಗಂಟೆ ಬೇಕು. ಒಂದೊಂದರ ಸಿಪ್ಪೆಯನ್ನೂ ಹೆಬ್ಬೆರಳಿನಿಂದ ತಿಕ್ಕಿ ನೋಡುತ್ತಾರೆ. ಸಿಪ್ಪೆ ಜಾರಿದರೆ ಎಳೆಯದು, ಜಾರದಿದ್ದರೆ ಬಲಿತದ್ದು. (ಅಂಗಡಿಯವನು ಅವರನ್ನು ಕಂಡರೆ ಚಹಾ ಕುಡಿಯಲು ಎದ್ದುಹೋಗುತ್ತಾನೆ.) ನಾನು ಬುಟ್ಟಿಯಿಂದ ಮೂರು ಗಡ್ಡೆ ತೆಗೆದು, ದಿನಾ ಸೋಸಿದ ಚಹಾ ಪುಡಿ ಸುರಿಯುವ ಗುಲಾಬಿ ಕುಂಡದ ಮಣ್ಣು ಕಲಸಿ ಚೆನ್ನಾಗಿ ಮೆತ್ತಿ, ಟೈಲರಮ್ಮ ಹೊಲಿದ ಚೀಲದಲ್ಲಿ ಹಾಕಿದೆ. ಅವಳು ಅದನ್ನು ನಮ್ಮ ಗೇಟಿನ ಹತ್ತಿರ ಇಟ್ಟು ಬಂದಳು.

ಅವರು ಮೇಜಿನ ಮೇಲೆ ಪೇಪರ್ ಹಾಸಿ, ಭೂತಗನ್ನಡಿ ಹಿಡಿದು ಕೂತರು. ನಾನು ಬಾಗಿಲಲ್ಲಿ ನೆಲ ಒರೆಸುವವಳ ಹಾಗೆ ಕೂತೆ. ಮೊದಲು ಮಣ್ಣು ಮೂಸಿದರು. ಬೆರಳಲ್ಲಿ ಉಜ್ಜಿದರು. "ಚಹಾ ಪುಡಿ ಇದೆ" ಎಂದು ತಮಗೆ ತಾವೇ ಹೇಳಿಕೊಂಡರು. ಆಮೇಲೆ ಒಂದು ಗಡ್ಡೆ ಒರೆಸಿ ಕನ್ನಡಿ ಹಿಡಿದು ನೋಡಿದವರು ಹಾಗೇ ಕಲ್ಲಾದರು. ತಮ್ಮ ಹೆಬ್ಬೆರಳನ್ನು ಅದರ ಮೇಲಿದ್ದ ಗೀರಿನ ಮೇಲಿಟ್ಟು ನೋಡಿದರು. ಬೀಗಕ್ಕೆ ಕೀಲಿಯ ಹಾಗೆ ಕೂತಿತು.

"ಇದು ನಮ್ಮ ಮನೆದು" ಎಂದರು. "ಮಂಗಳವಾರ ನಾನು ತಂದಿದ್ದು. ಇದು ಆಕೆಯ ಕೈಗೆ ಹೇಗೆ ಹೋಯ್ತು?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ನನ್ನ ಉಗುರು ನೋಡಿಕೊಂಡೆ. ಅದರ ಸಂದಿಯಲ್ಲಿ ಇನ್ನೂ ಗುಲಾಬಿ ಕುಂಡದ ಮಣ್ಣಿತ್ತು. ಅವರೂ ನೋಡಿದರು. ಹೆಂಡತಿಯ ದನಿ ಇಪ್ಪತ್ತೊಂದು ದಿನ ಕೇಳಿದರೂ ಗುರುತು ಹತ್ತದ ಮನುಷ್ಯ, ಆಲೂಗಡ್ಡೆಯನ್ನು ಒಂದೇ ನೋಟಕ್ಕೆ ಹಿಡಿದಿದ್ದರು.

"ನಾನೇ ರೀ" ಎಂದೆ. "ಫೋನ್ ಮಾಡ್ತಿದ್ದಿದ್ದು ನಾನೇ. ಟೈಲರಮ್ಮನ ಮನೆಯಿಂದ."

ಬೈಯುತ್ತಾರೆ ಎಂದುಕೊಂಡೆ. ಬೈದಿದ್ದರೆ ಅದೂ ಮಾತೇ ತಾನೆ, ಕೇಳುತ್ತಿದ್ದೆ. ಅವರು ಗಡ್ಡೆಯನ್ನು ಪೇಪರಿನ ಮೇಲೆ ಮೆಲ್ಲಗೆ ಇಟ್ಟರು.

"ಹಾಗಾದ್ರೆ ಆ ಹದಿನೆಂಟು ಸಾಲು?"

"ಇಲ್ಲ."

"ಮಣ್ಣು ಏರಿಸಿದೆ ಅಂದಿದ್ದೆ."

"ಇಲ್ಲ ರೀ. ಏನೂ ಇಲ್ಲ."

ಅವರ ಮುಖ ನೋಡಲಾಗಲಿಲ್ಲ. ಯಾರೋ ಹತ್ತಿರದವರು ಹೋದ ಸುದ್ದಿ ಕೇಳಿದ ಹಾಗಿತ್ತು. ನನಗೆ ರೇಗಿತು. "ಅಲ್ಲ, ಇಲ್ಲದ ಬೆಳೆಗೆ ಇಷ್ಟು ಸಂಕಟ ಪಡ್ತೀರಲ್ಲ. ಇರೋ ಹೆಂಡತಿ ಕಣ್ಣಿಗೆ ಬೀಳಲ್ವಾ? ನಿಮಗೇನು, ಊರೆಲ್ಲ ಫೋನ್ ಮಾಡ್ತಾರೆ, ನಗ್ತೀರಿ, ಮಾತಾಡ್ತೀರಿ. ನನಗೆ ಯಾರಿದ್ದಾರೆ?"

ಅವರು ಕರೆಗಳನ್ನು ಬರೆದಿಡುವ ರಿಜಿಸ್ಟರನ್ನು ನನ್ನ ಕಡೆ ತಳ್ಳಿದರು. ಆ ತಿಂಗಳು ಇಪ್ಪತ್ತೆರಡು ಕರೆ. ಇಪ್ಪತ್ತೊಂದರ ಮುಂದೆ "ಹದಿನೆಂಟು ಸಾಲಿನ ತಾಯಿ" ಎಂದು ದುಂಡು ಅಕ್ಷರದಲ್ಲಿ ಬರೆದಿತ್ತು. ಉಳಿದ ಒಂದರ ಮುಂದೆ ರಾಂಗ್ ನಂಬರ್.

"ಈಗೆಲ್ಲ ಮೊಬೈಲಲ್ಲೇ ನೋಡ್ಕೋತಾರೆ" ಎಂದರು. "ಎಲೆ ಫೋಟೋ ತೆಗೆದ್ರೆ ಅದೇ ಹೇಳುತ್ತಂತೆ."

"ಮತ್ತೆ ಅದಕ್ಕೆ ಮುಂಚೆ? ಬಾಗಿಲು ಹಾಕ್ಕೊಂಡು ದಿನಾ ನಗ್ತಿದ್ರಲ್ಲ?"

ಅವರು ಭೂತಗನ್ನಡಿ ಒರೆಸಿದರು. ಒರೆಸಿದ್ದನ್ನೇ ಮತ್ತೆ ಒರೆಸಿದರು. "ಮೊದಲ ಎರಡು ತಿಂಗಳು ನಿಜವಾಗ್ಲೂ ಕರೆ ಬರ್ತಿತ್ತು" ಎಂದರು.

ಒಂದೇ ಸೂರಿನಡಿ ಒಬ್ಬರು ಬಾಗಿಲ ಒಳಗೆ, ಒಬ್ಬರು ಬಾಗಿಲ ಹೊರಗೆ, ಇಬ್ಬರಿಗೂ ಗತಿ ಅಷ್ಟೇ ಆಗಿತ್ತು. ಅವರ ಹೆಗಲ ಮೇಲೆ ಕೈ ಇಟ್ಟೆ. ಕೊಡವಲಿಲ್ಲ. ಇನ್ನು ಫೋನು ಗೀನು ಬೇಡ, ನಾಳೆಯಿಂದ ಎದುರು ಕೂತು ಮಾತಾಡೋಣ ಎಂದೆ. ಉದ್ದ ಹೂಂ ಬಂತು.

ಮರುದಿನ ಬಟ್ಟೆಯೆಲ್ಲ ತೆಗೆದು ನನ್ನ ಬೆತ್ತದ ಕುರ್ಚಿ ಖಾಲಿ ಮಾಡಿದೆ, ಅವರದನ್ನೂ ಹೊರಗೆ ತಂದೆ. ಎದುರುಬದುರು ಕೂತೆವು. ಚಹಾ ಕುಡಿದೆವು. ಗಡಿಯಾರ ಇಷ್ಟು ಜೋರಾಗಿ ಸದ್ದು ಮಾಡುತ್ತದೆಂದು ನನಗೆ ಗೊತ್ತೇ ಇರಲಿಲ್ಲ. ನಾನು ಸೆಕೆ ಎಂದೆ. ಅವರು ಹೂಂ ಎಂದರು. ಅವರು ಕೆಮ್ಮಿದರು. ನಾನು, "ಕೆಮ್ಮಾ?" ಎಂದೆ. ಮೂವತ್ತೊಂದು ವರ್ಷದ ಮಾತೆಲ್ಲ ಎಲ್ಲಿ ಹೋಗಿ ಅಡಗಿತೋ, ಹುಡುಕಿದರೆ ಒಂದೂ ಸಿಗಲಿಲ್ಲ. ನಾಲ್ಕು ಹೊಡೆದಾಗ ಅವರು ಎದ್ದು, ತಮ್ಮ ಕುರ್ಚಿ ಎತ್ತಿಕೊಂಡು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಒಳಗೆ ಸದ್ದಿಲ್ಲ. ಯಾರೂ ಫೋನ್ ಮಾಡದ ಫೋನಿನ ಮುಂದೆ ಅವರು ಕೂತಿರುವುದು ಬಾಗಿಲಿದ್ದರೂ ನನಗೆ ಕಾಣುತ್ತಿತ್ತು. ತಡೆಯಲಾಗಲಿಲ್ಲ. ಟೈಲರಮ್ಮನ ಮನೆಗೆ ಓಡಿ ಫೋನ್ ಹಚ್ಚಿದೆ.

"ನಮಸ್ಕಾರ, ಆಲೂಗಡ್ಡೆ ಸಲಹಾ ಕೇಂದ್ರ."

"ನಾನೇ ರೀ."

"ಗೊತ್ತಾಯ್ತು." ಆಮೇಲೆ ತಗ್ಗಿದ ದನಿಯಲ್ಲಿ, "ಬೆಳೆ ಇಲ್ಲದೆ ಸಲಹೆ ಕೊಡೋಕಾಗಲ್ಲ. ಎಷ್ಟು ಜಾಗದಲ್ಲಿ ಹಾಕಿದ್ದಾರೆ ಅಂತ ಒಂದು ಕಾಲಂ ಇದೆ. ಖಾಲಿ ಬಿಡೋ ಹಾಗಿಲ್ಲ" ಎಂದರು.

ಇಷ್ಟು ಕಾಲ ಗಡ್ಡೆಯನ್ನು ಮನಸಾರೆ ಶಪಿಸಿಕೊಂಡು ಬಂದವಳು ಮಾರನೆಯ ಬೆಳಿಗ್ಗೆ ಗುದ್ದಲಿ ಹಿಡಿದೆ. ಅವರ ಕೋಣೆಯ ಕಿಟಕಿಯ ಕೆಳಗೆ ಬಟ್ಟೆ ಒಣಗಿಸುವ ಜಾಗವಿತ್ತು. ಕಂಬ ಕಿತ್ತು, ಮಣ್ಣು ಅಗೆದು, ನಾಲ್ಕು ಸಾಲು ಮಾಡಿ, ಮೊಳಕೆಯ ಕಣ್ಣುಳ್ಳ ಗಡ್ಡೆ ಕತ್ತರಿಸಿ ಊರಿದೆ. ಕೈಯಲ್ಲಿ ಬೊಬ್ಬೆ ಎದ್ದಿತು, ಸೊಂಟ ಹಿಡಿಯಿತು. ಸಂಜೆ ನಾಲ್ಕಕ್ಕೆ ಅಲ್ಲೇ ನಿಂತು ಫೋನ್ ಮಾಡಿದೆ. "ನಾಲ್ಕು ಸಾಲು ಸಾರ್." ಕಿಟಕಿಯ ಆಚೆ ಅವರು ಪೆನ್ನು ಎತ್ತಿಕೊಂಡು ಕಾಲಂ ತುಂಬುವುದು ಕಂಡಿತು. "ಬಹಳ ಸಂತೋಷ ಅಮ್ಮ. ಸೊಂಟಕ್ಕೆ ಬಿಸಿ ನೀರು ಹಾಕ್ಕೊಳ್ಳಿ" ಎಂದರು. ಒಂದು ತಿಂಗಳು ನಾನು ರಾಣಿಯ ಹಾಗಿದ್ದೆ.

ತಪ್ಪು ಮಾಡಿದ್ದು ಎಲ್ಲಿ ಎಂದರೆ, ಚೆನ್ನಾಗಿ ಬೆಳೆದದ್ದು. ಅಷ್ಟು ಸಲಹೆ ಕೇಳಿ ಬೆಳೆದ ಗಿಡಕ್ಕೆ ರೋಗ ಎಲ್ಲಿಂದ ಬರಬೇಕು? ಎಲೆಗಳು ಅಂಗೈಯಗಲ, ಕಡು ಹಸಿರು. ಬೀದಿಯವರೆಲ್ಲ ಕಾಂಪೌಂಡಿನ ಮೇಲಿಂದ ಇಣುಕಿ ನೋಡಿದರು. ಟೈಲರಮ್ಮ ಮಹಡಿಯ ಮೇಲೆ ಗೋಣಿಚೀಲದಲ್ಲಿ ಮಣ್ಣು ತುಂಬಿ ಊರಿದಳು. ಎದುರು ಮನೆಯ ಮೇಷ್ಟ್ರು ಬಕೆಟ್ಟಿನಲ್ಲಿ, ಅವರ ಸೊಸೆ ಒಡೆದ ತೊಟ್ಟಿಯಲ್ಲಿ. ಎಲ್ಲರ ಗಿಡವೂ ಬಾಡತೊಡಗಿತು. ಎಲ್ಲರಿಗೂ ಸಲಹೆ ಕೊಡುವ ನಂಬರನ್ನು ಬರೆದುಕೊಟ್ಟ ಪುಣ್ಯಾತ್ಗಿತ್ತಿ ನಾನೇ.

ಈಗ ನಾಲ್ಕಕ್ಕೆ ಫೋನ್ ಮಾಡಿದರೆ ಲೈನ್ ಬಿಜಿ, ಕುಂಯ್ ಕುಂಯ್ ಎನ್ನುತ್ತದೆ. ನಾಲ್ಕೂಕಾಲಿಗೂ ಕುಂಯ್ ಕುಂಯ್. ನನ್ನ ಗಿಡಕ್ಕೆ ಒಂದಾದರೂ ತೊಂದರೆ ಬರಲಿ ಎಂದು ಬೆಳಿಗ್ಗೆ ಎದ್ದು ಎಲೆ ಎಲೆ ತಿರುವಿ ನೋಡುತ್ತೇನೆ. ಇವತ್ತು ಕೊನೆಗೂ ಒಂದು ಹುಳ ಸಿಕ್ಕಿತು. ಮಧ್ಯಾಹ್ನ ಊಟಕ್ಕೆ ಕೂತಾಗ ಸಂಭ್ರಮದಿಂದ ಹೇಳಿದೆ, "ರೀ, ಹುಳ ಬಂದಿದೆ."

"ನಾಲ್ಕು ಗಂಟೆಗೆ ಫೋನ್ ಮಾಡು" ಎಂದರು.

ಅದಕ್ಕೇ ಈಗ ನಾಲ್ಕು ಸಾಲಿನ ನಡುವೆ ಕೆಸರಿನಲ್ಲಿ ನಿಂತಿದ್ದೇನೆ. ಬಲಗೈಯಲ್ಲಿ ಫೋನು, ಎಡಗೈ ಮುಷ್ಟಿಯಲ್ಲಿ ಹುಳ. ಕಿಟಕಿಯಲ್ಲಿ ಅವರು ಕಾಣುತ್ತಿದ್ದಾರೆ. ಟೈಲರಮ್ಮನಿಗೆ ಇರಬೇಕು, ನೀರು ಕುಡೀರಿ, ಗಾಬರಿ ಬೇಡ ಎನ್ನುತ್ತಿದ್ದಾರೆ. ನನ್ನನ್ನು ನೋಡಿ ಒಂದು ಬೆರಳೆತ್ತಿ, ಸ್ವಲ್ಪ ತಡಿ ಎಂದು ಸನ್ನೆ ಮಾಡಿ ಆ ಕಡೆ ತಿರುಗಿಕೊಂಡರು. ಹುಳ ಅಂಗೈಯಲ್ಲಿ ಮೆಲ್ಲಗೆ ಹೊರಳಾಡುತ್ತಿದೆ. ಐದಕ್ಕೆ ಇನ್ನೂ ಎಂಟು ನಿಮಿಷವಿದೆ, ಲೈನ್ ಸಿಕ್ಕರೂ ಸಿಗಬಹುದು.